ನೀರು ಹೊರುವವನ ವರಸೆ

ಇಪ್ಪತ್ತೆಂಟು ಜನ ಆಡುವ ಸ್ಪರ್ಧೆಯಲ್ಲಿ ಒಂಬತ್ತು ವರ್ಷ ಸತತವಾಗಿ ಇಪ್ಪತ್ತೇಳನೆಯ ಸ್ಥಾನ ಪಡೆದವನು ನಾನು. ಇಪ್ಪತ್ತೆಂಟನೆಯ ಸ್ಥಾನ ವರ್ಷಕ್ಕೊಬ್ಬರ ಪಾಲಾಗುತ್ತಿತ್ತು. ಒಬ್ಬರಿಗೆ ಜ್ವರ ಬಂದಿರುತ್ತಿತ್ತು, ಇನ್ನೊಬ್ಬರ ಕಾಲು ಉಳುಕಿರುತ್ತಿತ್ತು. ನನ್ನದು ಮಾತ್ರ ಕಾಯಂ. ಹತ್ತನೆಯ ವರ್ಷ ನಾನು ಮೊದಲನೆಯವನಾಗಿ ಬಂದೆ. ಆ ವರ್ಷದ ಬಗ್ಗೆ ಹೇಳಬೇಕಾಗಿದೆ. ಬಾಯಲ್ಲಿ ಹೇಳುವಾಗ ಎದುರಿಗಿರುವವರ ಮುಖ ನೋಡಲಾಗುವುದಿಲ್ಲ. ಬರೆದರೆ ಆ ತೊಂದರೆ ಇಲ್ಲ.

ನಮ್ಮೂರಿನ ಚೀನಾ ಕಾಳಗದ ವರಸೆಗಳು ಮಾಘ ಮಾಸದ ಸ್ಪರ್ಧೆಯ ದಿನ ಮೂವರು ತೀರ್ಪುಗಾರರ ಮುಂದೆ ಮೊದಲಿನಿಂದ ಕೊನೆಯವರೆಗೆ ನಡೆಯಬೇಕು. ಒಬ್ಬರಿಗೆ ಒಂದೇ ವರಸೆ. ಅಂದು ಅದು ಹೇಗೆ ನಡೆಯಿತೋ ಹಾಗೆಯೇ, ಅದನ್ನು ಕಲಿತ ಎಲ್ಲರ ಮೈಯಲ್ಲಿ ಮುಂದಿನ ಮಾಘದವರೆಗೆ ಉಳಿಯುತ್ತದೆ. ನಡೆಯದ ವರಸೆ ಮರುದಿನ ಬೆಳಕು ಹರಿಯುವಷ್ಟರಲ್ಲಿ ಕಲಿತವರಿಂದಲೂ ಕಲಿಸಿದವರಿಂದಲೂ ಹೋಗಿಬಿಡುತ್ತದೆ. ಫೋಟೋ ತೆಗೆದಿಟ್ಟವರಿದ್ದಾರೆ. ಫೋಟೋದಲ್ಲಿ ಕೈ ಮೇಲೆತ್ತಿರುವುದು ಕಾಣುತ್ತದೆ. ಆ ಕೈ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ನನ್ನ ಚಿಕ್ಕಂದಿನಲ್ಲಿ ‘ಕುಡಿದ ಬೆಸ್ತ’ ಎಂಬ ವರಸೆಯಿತ್ತು. ಆಡುತ್ತಿದ್ದವನಿಗೆ ನಡುವೆ ಬಿಕ್ಕಳಿಕೆ ಬಂದು ನಿಂತುಹೋದದ್ದರಿಂದ ಅದು ಇಲ್ಲವಾಯಿತು. ಆತ ಈಗಲೂ ಬಸ್ ನಿಲ್ದಾಣದ ಪಕ್ಕ ಕ್ಷೌರದಂಗಡಿ ಇಟ್ಟಿದ್ದಾನೆ. ಅವನ ಕುರ್ಚಿಯಲ್ಲಿ ಕೂತ ಗಿರಾಕಿಗಳು ಬಿಕ್ಕಳಿಕೆ ಬಂದರೆ ಉಸಿರು ಹಿಡಿದುಕೊಳ್ಳುತ್ತಾರೆ. ಸ್ಪರ್ಧೆಯ ಮರುದಿನ ಬೆಳಿಗ್ಗೆ ಊರಿನವರೆಲ್ಲ ಹಲ್ಲುಜ್ಜುತ್ತಲೇ ಅಂಗಳಕ್ಕೆ ಬಂದು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಎಳೆದು ನೋಡುವ ಹಾಗೆ, ಕೈಕಾಲು ಆಡಿಸಿ ನೋಡಿಕೊಳ್ಳುತ್ತಾರೆ.

ನನಗೆ ವರಸೆ ಕಲಿಸಿದವರು ಲಿಯಾಂಗ್ ಮೇಷ್ಟ್ರು. ಅವರ ಮುತ್ತಜ್ಜ ಚೀನಾದಿಂದ ಕೊಡೆ ರಿಪೇರಿ ಮಾಡುತ್ತ ಬಂದು ಇಲ್ಲೇ ನಿಂತವರು. ಮೇಷ್ಟ್ರು ಮತ್ತು ಅವರ ಮಗಳು ಸೂಯಿನ್ ಅಕ್ಕ ಪೇಟೆ ಬೀದಿಯಲ್ಲಿ ಹಲ್ಲು ಕಟ್ಟುವ ಅಂಗಡಿ ನಡೆಸುತ್ತಿದ್ದರು. ಊರಿನ ಮುದುಕರು ಬೋಂಡಾ ತಿನ್ನುತ್ತಿದ್ದದ್ದೆಲ್ಲ ಮೇಷ್ಟ್ರು ಕಟ್ಟಿಕೊಟ್ಟ ಹಲ್ಲಿನಿಂದ. ಮೇಷ್ಟ್ರಿಗೆ ಎಪ್ಪತ್ತೆಂಟಾಗಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ದಿನಾ ಬೆಳಿಗ್ಗೆ ಐದೂವರೆಗೆ ಹಿತ್ತಲಿಗೆ ಬಂದು ಒಂದೇ ಒಂದು ವರಸೆ ಆಡುತ್ತಿದ್ದರು. ಅರವತ್ತು ವರ್ಷದಿಂದ ಅದನ್ನು ಅವರು ತಪ್ಪಿಸಿರಲಿಲ್ಲ.

ಅದು ನೀರು ಹೊರುವವನ ವರಸೆ. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಎರಡು ತುಂಬಿದ ಕೊಡ ಇದೆಯೆಂದು ತಿಳಿದುಕೊಂಡು ಆಡಬೇಕು. ಎದುರಿನವನು ಮೇಲೆ ಬಿದ್ದರೂ ಕೊಡ ತುಳುಕಬಾರದು. ಪಾದ ನೆಲದಿಂದ ಒಂದು ಚೊಂಬಿನ ಎತ್ತರಕ್ಕಿಂತ ಮೇಲೆ ಏಳುವ ಹಾಗಿಲ್ಲ. ಇಷ್ಟೆಲ್ಲ ನಾನು ಹೇಳಬಲ್ಲೆ, ಏಕೆಂದರೆ ಇವು ಮಾತುಗಳು. ಮೇಷ್ಟ್ರ ಕಣ್ಣು ಮಂಜಾದ ಮೇಲೆ ಸ್ಪರ್ಧೆಯಲ್ಲಿ ಅದನ್ನು ಆಡುವ ಕೆಲಸ ನನಗೆ ಬಂತು. ಹೊರಗಿನ ಊರಿಂದ ಬರುವ ತೀರ್ಪುಗಾರರು ಎತ್ತರಕ್ಕೆ ಅಂಕ ಕೊಡುವವರು. ಗಾಳಿಯಲ್ಲಿ ಎರಡು ಸುತ್ತು ತಿರುಗಿದರೆ ಅವರ ಪೆನ್ಸಿಲು ತಾನಾಗಿ ಓಡುತ್ತಿತ್ತು. ನನ್ನ ಸರದಿ ಬಂದಾಗ ಜನ ಚಹಾ ಕುಡಿಯಲು ಏಳುತ್ತಿದ್ದರು. ಚಹಾದವನೂ ಅದನ್ನು ತಿಳಿದುಕೊಂಡು, ನನ್ನ ಹೆಸರು ಕೂಗಿದ ತಕ್ಷಣ ಹಾಲು ಒಲೆಗಿಡುತ್ತಿದ್ದ.

ನನಗೆ ಅದರಿಂದ ಬೇಸರವಾಗುತ್ತಿರಲಿಲ್ಲ ಎಂದರೆ ಸುಳ್ಳು. ಆದರೆ ತಡೆದುಕೊಂಡಿದ್ದೆ. ಒಂಬತ್ತನೆಯ ವರ್ಷ ಮನೆಗೆ ಹಿಂದಿರುಗುವಾಗ ನನ್ನ ಮಗಳು ಹೈಮ ಕೇಳಿದಳು. ಆಗ ಅವಳಿಗೆ ಎಂಟು ವರ್ಷ.

“ಅಪ್ಪಾ, ನೀನು ಆಡುವಾಗ ಎಲ್ರೂ ಯಾಕೆ ಎದ್ದು ಹೋಗ್ತಾರೆ?”

“ಚಹಾ ಕುಡಿಯೋಕೆ ಕಣೇ.”

“ಬೇರೆಯೋರು ಆಡುವಾಗ ಅವ್ರಿಗೆ ಚಹಾ ಬೇಡ್ವಾ?”

ಹೆಂಡತಿ ಶಾರ್ವರಿ ಅವಳ ಕೈ ಜಗ್ಗಿ ಸುಮ್ಮನಿರಿಸಿದಳು. ಆ ಕೈ ಜಗ್ಗಿದ್ದೇ ನನ್ನನ್ನು ಹೆಚ್ಚು ನೋಯಿಸಿತು. ಇವಳಿಗೂ ಅದು ಗೊತ್ತಿತ್ತು, ನನಗಾಗಿ ಇಷ್ಟು ದಿನ ನುಂಗಿಕೊಂಡಿದ್ದಳು.

ನಾನು ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಸುಟ್ಟು ಬಂದ ಹಂಚನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಬಿರುಕಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಊಟದ ಬಿಡುವಿನಲ್ಲಿ ಹಂಚು ಒಣಗಿಸುವ ಬಯಲಿನಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ನಾನು ನೀರು ಹೊರುವವನಿಗೆ ಎಗರುವುದನ್ನು ಕಲಿಸಿದೆ. ಹನ್ನೊಂದನೆಯ ಹೆಜ್ಜೆಯ ನಂತರ ನಿಧಾನವಾದದ್ದು ಏನೋ ಇತ್ತು, ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುವಂಥದ್ದು. ಅದನ್ನು ತೆಗೆದೆ. ಅಲ್ಲಿ ಆಳೆತ್ತರ ಎಗರಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಒಂಟಿಕಾಲಿನಲ್ಲಿ ಇಳಿಯುವುದನ್ನು ಸೇರಿಸಿದೆ. ಮೇಷ್ಟ್ರ ಹಿತ್ತಲಿನಲ್ಲಿ ಮಾತ್ರ ಮೊದಲಿನ ಹಾಗೆಯೇ ಆಡುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೂತು, ನನ್ನ ಹೆಜ್ಜೆಯ ಸಪ್ಪಳ ಕೇಳುತ್ತಿದ್ದರು.

“ಈ ವರ್ಷ ಹೆಜ್ಜೆ ತುಂಬಾ ಚೆನ್ನಾಗಿ ಕೂತಿದೆ ಇಂದುಧರ. ಕೊಡ ಒಂದು ಚೂರೂ ತುಳುಕ್ತಿಲ್ಲ,” ಎಂದರು ಒಂದು ದಿನ. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡಿರಬೇಕು.

ಮುಂದೇನಾಗುತ್ತದೆಂದು ನಾನು ಯೋಚಿಸಿರಲಿಲ್ಲವೇ ಎಂದು ಕೇಳಬಹುದು. ಒಂದು ಮಧ್ಯಾಹ್ನ ಯೋಚಿಸಿದ್ದೆ. ಒಂದು ಎಗರು ತಾನೇ, ಉಳಿದ ಅರವತ್ತಮೂರು ಹೆಜ್ಜೆ ಹಾಗೇ ಇರುತ್ತವೆ ಎಂದುಕೊಂಡೆ. ಮೇಷ್ಟ್ರ ಮುಖ ಕಣ್ಣ ಮುಂದೆ ಬಂತು. ಆಗ ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು, ಎದ್ದುಹೋದೆ. ಆಮೇಲೆ ಆ ಯೋಚನೆ ಮತ್ತೆ ಬಾರದ ಹಾಗೆ ನೋಡಿಕೊಂಡೆ.

ಸ್ಪರ್ಧೆಯ ದಿನ ಮೇಷ್ಟ್ರು ಎಂದಿನಂತೆ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದರು. ಸೂಯಿನ್ ಅಕ್ಕನ ಸರದಿ ನನ್ನ ನಂತರವಿದ್ದದ್ದರಿಂದ ಅವಳು ಪರದೆಯ ಹಿಂದೆ ಕೂದಲು ಕಟ್ಟಿಕೊಳ್ಳುತ್ತಿದ್ದಳು. ನನ್ನ ಹೆಸರು ಕೂಗಿದರು. ಜನ ಏಳತೊಡಗಿದರು. ಕುರ್ಚಿಗಳ ಗದ್ದಲದಲ್ಲಿ ನನ್ನ ಹೆಜ್ಜೆಯ ಸಪ್ಪಳ ಮೇಷ್ಟ್ರಿಗೆ ಕೇಳಿಸುವ ಹಾಗಿರಲಿಲ್ಲ. ಹತ್ತು ಹೆಜ್ಜೆ ಎಂದಿನ ಹಾಗೆ ನಡೆದೆ. ಹನ್ನೊಂದಾದ ಮೇಲೆ ಎಗರಿದೆ. ನಾನು ಕೆಳಗಿಳಿಯುವಷ್ಟರಲ್ಲಿ ಬಾಗಿಲ ಹತ್ತಿರ ಹೋಗಿದ್ದವರು ಹಿಂದಕ್ಕೆ ಬರುತ್ತಿದ್ದರು. ಆ ಉತ್ಸಾಹದಲ್ಲಿ, ಮೊದಲು ಅಂದುಕೊಂಡಿರದ ಇನ್ನೆರಡು ಕಡೆ ಮತ್ತೆ ಎಗರಿದೆ. ಮುಗಿದಾಗ ಹೊಡೆದ ಚಪ್ಪಾಳೆಗೆ ತಗಡಿನ ಮಾಡು ನಡುಗಿತು. ಹೈಮ ಕುರ್ಚಿಯ ಮೇಲೆ ನಿಂತು ಕೂಗುತ್ತಿದ್ದಳು.

ಪದಕ ಹಾಕಿಸಿಕೊಂಡು ಇಳಿದಾಗ ಮೇಷ್ಟ್ರು ಕೈಚಾಚಿ ನನ್ನನ್ನು ತಡಕುತ್ತಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. ಪೊರೆ ಬಂದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ನೀರು ಹೊರೋನಿಗೆ ಚಪ್ಪಾಳೆ! ಕೇಳಿಸ್ತಾ ನಿನಗೆ? ನಮ್ಮಪ್ಪ ಆಡಿದಾಗ್ಲೂ ಯಾರೂ ತಟ್ಟಿರ್ಲಿಲ್ಲ, ನಾನು ಆಡಿದಾಗ್ಲೂ ತಟ್ಟಿರ್ಲಿಲ್ಲ. ಕಡೆಗೂ ಜನಕ್ಕೆ ಅರ್ಥ ಆಯ್ತು ನೋಡು.”

“ಎಲ್ಲಾ ನಿಮ್ಮ ಆಶೀರ್ವಾದ ಮೇಷ್ಟ್ರೇ,” ಎಂದೆ. ಈ ಮಾತನ್ನು ಆಡಿದವನು ನಾನೇ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಆರು ಗಂಟೆಯಾಗಿತ್ತು. ಅಂಗಳಕ್ಕೆ ಹೋಗಿ ಹಳೆಯ ವರಸೆಯನ್ನು ಆಡಿ ನೋಡಿದೆ. ಹನ್ನೊಂದನೆಯ ಹೆಜ್ಜೆ ಮುಗಿದದ್ದೇ ಕಾಲು ಎಗರಿತು. ಎಗರದೆ ನಿಲ್ಲಿಸಿಕೊಂಡರೆ ಮುಂದಿನದು ಏನೂ ತೋಚಲಿಲ್ಲ. ಅಲ್ಲಿ ಏನೋ ಇತ್ತು. ಏನಿತ್ತು? ಬಾಯಿಗೆ ಬಂದು ನಿಂತ ಹೆಸರಿನಂತೆ ಕಾಲಿನ ತುದಿಯಲ್ಲಿ ಬಂದು ನಿಲ್ಲುತ್ತಿತ್ತು, ಮುಂದೆ ಬರುತ್ತಿರಲಿಲ್ಲ. ಆಗ ಗೇಟಿನ ಹತ್ತಿರ ಸೂಯಿನ್ ಅಕ್ಕ ಕಾಣಿಸಿದಳು. ಕಾಲಿಗೆ ಚಪ್ಪಲಿಯಿರಲಿಲ್ಲ.

“ಅಪ್ಪ ಬಿದ್ರು. ಗಾಡಿ ತರ್ಸು ಇಂದುಧರ, ಬೇಗ.”

“ಜಾರಿದ್ರಾ?”

“ಎಗರಿದ್ರು,” ಎಂದಳು. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿದಳು. ಮಧ್ಯಾಹ್ನದೊಳಗೆ ಯಾರೋ ಅವಳಿಗೆ ಎಲ್ಲವನ್ನೂ ಹೇಳಿರಬೇಕು.

ಮೇಷ್ಟ್ರ ಸೊಂಟದ ಮೂಳೆ ಮುರಿದಿತ್ತು. ಸಂಜೆ ಆಸ್ಪತ್ರೆಗೆ ಹೋದೆ. ಸೂಯಿನ್ ಅಕ್ಕ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು.

“ಅವ್ರಿಗೆ ಹೇಳ್ಬೇಡ. ನಿನ್ನೆ ಚಪ್ಪಾಳೆ ಬಿದ್ದದ್ದನ್ನ ಡಾಕ್ಟ್ರಿಗೆ, ನರ್ಸಿಗೆ, ಪಕ್ಕದ ಮಂಚದವ್ರಿಗೆ, ಎಲ್ರಿಗೂ ಹೇಳ್ತಿದಾರೆ. ಅದನ್ನೂ ಕಿತ್ಕೊಂಡ್ರೆ ಏನು ಉಳೀತದೆ? ನಿನ್ನ ಸಲುವಾಗಿ ಹೇಳ್ತಿಲ್ಲ ನಾನು, ತಿಳ್ಕೋ.”

ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಮೇಷ್ಟ್ರು ನನ್ನ ಕಡೆ ಮುಖ ತಿರುಗಿಸಿದರು.

“ನನ್ನ ಕಾಲು ಯಾಕೆ ಎಗರ್ತು ಇಂದುಧರ?”

“ವಯಸ್ಸಾಯ್ತಲ್ಲ ಮೇಷ್ಟ್ರೇ. ಹಿತ್ತಲಲ್ಲಿ ಪಾಚಿ ಬೇರೆ. ಜಾರಿರ್ಬೇಕು.”

“ಇರ್ಬೇಕು,” ಎಂದರು ಮೇಷ್ಟ್ರು.

ಊರಿನವರೂ ಹಾಗೆಯೇ ಹೇಳಿದರು. ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದವರೆಲ್ಲ ಪಾಚಿಯನ್ನು ಬೈದು ಹೋದರು. ಅವರ ಸಭ್ಯತೆಯ ಮರೆಯಲ್ಲಿ ನಾನು ಅಡಗಿಕೊಂಡೆ. ಸೂಯಿನ್ ಅಕ್ಕ ಹೇಳಬೇಡ ಎಂದಿದ್ದಾಳೆ ಎಂಬುದನ್ನು ದಿನಾ ನನಗೆ ನಾನೇ ನೆನಪಿಸಿಕೊಳ್ಳುತ್ತಿದ್ದೆ.

ಇತ್ತ ನನ್ನ ಎಗರು ಊರೆಲ್ಲ ಹರಡಿತು. ಮೊದಲು ನೀರು ಹೊರುವವನ ವರಸೆ ಬಲ್ಲವರು ನಾಲ್ಕೈದು ಜನವಿದ್ದರೆ, ಈಗ ಶಾಲೆಯ ಹುಡುಗಿಯರೇ ನಲವತ್ತು ಜನ ಕಲಿಯಲು ಬಂದರು. ಸ್ಪರ್ಧಾ ಸಮಿತಿಯ ಕಾರ್ಯದರ್ಶಿ ತಿಪ್ಪೇರುದ್ರಯ್ಯನವರು ನನ್ನನ್ನು ಶಾಲೆಗೆ ಕರೆಸಿ ಶಾಲು ಹೊದಿಸಿದರು. “ಸತ್ತೇ ಹೋಗ್ತಿದ್ದ ವರಸೇನ ಉಳಿಸಿದ ಪುಣ್ಯಾತ್ಮ,” ಎಂದು ಭಾಷಣ ಮಾಡಿದರು. ನಾನು ವೇದಿಕೆಯ ಮೇಲೆ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದೆ. ಎಲ್ಲರಿಗಿಂತ ಚೆನ್ನಾಗಿ ಎಗರುತ್ತಿದ್ದವಳು ಹೈಮ. ಗಾಳಿಯಲ್ಲಿ ಅವಳ ಜಡೆ ಅವಳ ಹಿಂದೆ ಒಂದು ಸುತ್ತು ಸುತ್ತಿ ಬರುತ್ತಿತ್ತು. ಇಳಿದ ಮೇಲೆ ಮೊದಲು ನನ್ನ ಕಡೆ ನೋಡುತ್ತಿದ್ದಳು. ಅಷ್ಟು ಸಂತೋಷವನ್ನು ನಾನು ಅದಕ್ಕೂ ಮುಂಚೆ ಅವಳ ಮುಖದಲ್ಲಿ ಕಂಡಿರಲಿಲ್ಲ.

ಹತ್ತು ತಿಂಗಳು ಕಳೆಯಿತು. ಮೇಷ್ಟ್ರು ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾಗಿದ್ದರು. ನಾನು ಯಾವಾಗಲೂ ಸಂಜೆ ಹೋಗಿ ಐದು ನಿಮಿಷ ಕೂತು ಬರುತ್ತಿದ್ದೆ. ಒಂದು ದಿನ ಕಾರ್ಖಾನೆಗೆ ಹೋಗುವ ಮುಂಚೆ, ಅವರಿಗೆ ಔಷಧಿ ಕೊಡಬೇಕಾಗಿದ್ದರಿಂದ, ಬೆಳಿಗ್ಗೆ ಐದೂವರೆಗೆ ಹೋದೆ. ಹಿತ್ತಲಿನಲ್ಲಿ ಮೇಷ್ಟ್ರು ಕುರ್ಚಿಯ ಮೇಲೆ ಕೂತಿದ್ದರು. ಅವರ ತೊಡೆಗಳ ಮೇಲೆ ಒಂದು ದಪ್ಪ ಟವೆಲು ಹಾಯಿಸಿ ಕುರ್ಚಿಯ ಕೆಳಗೆ ಬಿಗಿಯಾಗಿ ಗಂಟು ಹಾಕಿತ್ತು. ಸೂಯಿನ್ ಅಕ್ಕ ಹಿಂದೆ ನಿಂತು ಅವರ ಹೆಗಲು ಅದುಮಿ ಹಿಡಿದಿದ್ದಳು. ಮೇಷ್ಟ್ರ ಪಾದಗಳು ನೆಲದ ಮೇಲೆ ಸಣ್ಣದಾಗಿ ಹತ್ತು ಹೆಜ್ಜೆ ಹಾಕಿದವು, ಹನ್ನೊಂದು ಹಾಕಿದವು. ಆಮೇಲೆ ಇಡೀ ಮೈ ಒಮ್ಮೆ ಮೇಲಕ್ಕೆ ಚಿಮ್ಮಿತು. ಟವೆಲು ಹಿಡಿದು ನಿಲ್ಲಿಸಿತು. ಕುರ್ಚಿ ಕಿರುಗುಟ್ಟಿತು. ಮೇಷ್ಟ್ರು ನೋವಿಗೆ ತುಟಿ ಕಚ್ಚಿಕೊಂಡರು.

“ಅರವತ್ತು ವರ್ಷದ ಅಭ್ಯಾಸ, ಈ ಹೊತ್ತಿಗೆ ಕಾಲು ಕೇಳಲ್ಲ,” ಎಂದಳು ಸೂಯಿನ್ ಅಕ್ಕ, ನನ್ನನ್ನು ನೋಡದೆ. “ದಿನಾ ಹೀಗೇ.”

ಔಷಧಿಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ನೆಲದ ಮೇಲೆ ಮೇಷ್ಟ್ರ ಪಾದದ ಹತ್ತಿರ ಕೂತೆ.

“ನಾನು ಮಾಡಿದ್ದು ಮೇಷ್ಟ್ರೇ. ಎಗರೋದನ್ನ ಸೇರಿಸ್ದೋನು ನಾನು. ಆ ಚಪ್ಪಾಳೆ ನೀರು ಹೊರೋನಿಗೆ ಬಿದ್ದದ್ದಲ್ಲ.”

ಅವರು ಉಸಿರು ಸುಧಾರಿಸಿಕೊಂಡರು.

“ಬಿದ್ದ ದಿನವೇ ಗೊತ್ತಾಯ್ತು. ನನ್ನ ಕಾಲಿಗೆ ಸುಳ್ಳು ಹೇಳೋಕೆ ಬರಲ್ಲ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಹತ್ತು ತಿಂಗಳು ತಗೊಂಡೆ.” ಸ್ವಲ್ಪ ತಡೆದು ಕೇಳಿದರು: “ಅಲ್ಲಿ ಏನಿತ್ತು? ನಿನಗೇನಾದ್ರೂ ನೆನಪಿದೆಯಾ?”

“ಇಲ್ಲ ಮೇಷ್ಟ್ರೇ.”

“ನಂಗೂ ಇಲ್ಲ.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅರವತ್ತು ವರ್ಷ ದಿನಾ ಮಾಡಿದ್ದನ್ನು ನನ್ನ ಹತ್ತಿರ ಕೇಳುವ ಸ್ಥಿತಿಗೆ ನಾನೇ ಅವರನ್ನು ತಂದಿದ್ದೆ. ಸೂಯಿನ್ ಅಕ್ಕ ಗಂಟು ಬಿಚ್ಚುತ್ತಿದ್ದಳು. “ಔಷಧಿ ಅಲ್ಲಿಟ್ಟು ಹೋಗು,” ಎಂದಳು. “ಇನ್ಮೇಲೆ ಬರ್ಬೇಡ.”

ಮುಂದಿನ ಸ್ಪರ್ಧೆಗೆ ಎರಡು ತಿಂಗಳಿತ್ತು. ಹಳೆಯದನ್ನು ಮರಳಿ ತರುವ ದಾರಿ ಇರಲಿಲ್ಲ. ಆದರೆ ಸೊಂಟ ಮುರಿದ ಎಪ್ಪತ್ತೊಂಬತ್ತರ ಮನುಷ್ಯ ಬೀಳದೆ ಆಡಬಹುದಾದದ್ದನ್ನು ನಾನು ಕಟ್ಟಬಹುದಿತ್ತು. ಮೂರೂ ಎಗರುಗಳನ್ನು ತೆಗೆದುಹಾಕಿದೆ. ಹೆಜ್ಜೆಗಳನ್ನು ಚಿಕ್ಕದು ಮಾಡಿದೆ, ಎಡಗಾಲಿನ ಮೇಲೆ ಭಾರ ಬೀಳದಂತೆ ತಿರುಗಿಸಿದೆ. ಮಧ್ಯಾಹ್ನದ ಬಯಲಿನಲ್ಲಿ, ಒಂದು ಕೈಯಲ್ಲಿ ಬಿದಿರಿನ ಕೋಲು ಹಿಡಿದು, ಕಣ್ಣು ಮುಚ್ಚಿ ಆಡಿ ಆಡಿ ನೋಡಿದೆ. ಹನ್ನೊಂದನೆಯ ಹೆಜ್ಜೆಯ ಹತ್ತಿರ ಮಾತ್ರ ಏನಿಡಬೇಕೆಂದು ತಿಳಿಯಲಿಲ್ಲ. ಹಾಕಿದ್ದೆಲ್ಲ ಸುಳ್ಳು ಅನ್ನಿಸುತ್ತಿತ್ತು. ಕೊನೆಗೆ ಅಲ್ಲಿ ಏನೂ ಮಾಡದೆ, ಎಂಟು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತುಬಿಡುವುದೆಂದು ನಿರ್ಧರಿಸಿದೆ.

ತಿಪ್ಪೇರುದ್ರಯ್ಯನವರಿಗೆ ವಿಷಯ ತಿಳಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಲೆ ಕೆಟ್ಟಿದೆಯೇನಯ್ಯ? ನಲವತ್ತು ಮಕ್ಕಳು ಕಲ್ತಿದಾವೆ. ನೀನು ಎಗರದೆ ಹೋದ್ರೆ ಅವೆಲ್ಲಾ ಮರುದಿನ ಎಗರೋದು ಮರೀತಾವೆ. ಒಬ್ಬ ಮುದುಕನ ಸಲುವಾಗಿ?”

“ಅವ್ರದೇ ವರಸೆ ಅದು.”

“ಕಳೆದ ವರ್ಷ ಈ ಮಾತು ಎಲ್ಲಿ ಹೋಗಿತ್ತು?”

ಆದರೆ ಸ್ಪರ್ಧೆಯ ಪಟ್ಟಿಯಲ್ಲಿ ವರಸೆ ಯಾರ ಹೆಸರಿನಲ್ಲಿದೆಯೋ ಅವರೇ ಆಡಬೇಕೆಂಬುದು ನಿಯಮ. ಇದು ನನ್ನ ಹೆಸರಿನಲ್ಲಿತ್ತು, ಅದನ್ನು ಬದಲಿಸಲು ಅವರಿಗೂ ಬರುವ ಹಾಗಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಸಂಜೆ ಹೈಮಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಹಂಚಿನ ಬಯಲು, ಮೇಷ್ಟ್ರು, ಪಾಚಿ, ಟವೆಲು, ಯಾವುದನ್ನೂ ಬಿಡಲಿಲ್ಲ. ಅವಳು ತನ್ನ ಮೊಣಕಾಲಿನ ಮೇಲಿದ್ದ ಹಳೆಯ ಗಾಯದ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸುತ್ತ ಕೇಳಿಸಿಕೊಂಡಳು.

“ನಂದೂ ಹೋಗುತ್ತಾ?”

“ಹೋಗುತ್ತೆ.”

“ಹಾಗಾದ್ರೆ ನೀನು ಗೆದ್ದದ್ದು ಮೋಸ ಮಾಡಿ.”

“ಹೌದು.”

ಶಾರ್ವರಿ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಮಗಳ ಕೈ ಜಗ್ಗಲಿಲ್ಲ. ಹೈಮ ಎದ್ದು ಅಂಗಳಕ್ಕೆ ಹೋಗಿ ಎಗರತೊಡಗಿದಳು. ಒಂದಾದ ಮೇಲೊಂದು, ನಿಲ್ಲಿಸದೆ, ಉಸಿರು ಕಟ್ಟುವವರೆಗೆ. ಇಳಿದ ಮೇಲೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನು ಮೆಟ್ಟಿಲ ಮೇಲೇ ಕೂತಿದ್ದೆ. ನೋಡುವುದಕ್ಕೂ ನಾಚಿಕೆಯಾಗುತ್ತಿತ್ತು, ಎದ್ದು ಒಳಗೆ ಹೋಗುವುದಕ್ಕೂ ನಾಚಿಕೆಯಾಗುತ್ತಿತ್ತು.

ಆ ವರ್ಷ ಹಾಲ್ ಕಿಕ್ಕಿರಿದಿತ್ತು. ನನ್ನ ಹೆಸರು ಕೂಗಿದಾಗ ಯಾರೂ ಏಳಲಿಲ್ಲ. ಎಲ್ಲರೂ ಎಗರು ನೋಡಲು ಬಂದವರು. ನಾನು ಕೋಲು ಹಿಡಿದು ಹೋದೆ. ಹನ್ನೊಂದು ಹೆಜ್ಜೆ ಇಟ್ಟು ನಿಂತೆ. ಮೊದಲ ಉಸಿರಿಗೆ ಹಾಲ್ ನಿಶ್ಶಬ್ದವಾಗಿತ್ತು. ಮೂರನೆಯದಕ್ಕೆ ಯಾರೋ ನಕ್ಕರು. ಐದನೆಯದಕ್ಕೆ “ಮುಂದೇನು ಸ್ವಾಮಿ, ಮರೆತ್ರಾ?” ಎಂದು ಹಿಂದಿನಿಂದ ಕೂಗಿದರು. ಎಂಟು ಎಣಿಸಿ ಮುಂದಿನ ಹೆಜ್ಜೆ ಇಟ್ಟೆ. ಕೊನೆಯವರೆಗೂ ಆಡಿದೆ. ಅರವತ್ತನಾಲ್ಕನೆಯ ಹೆಜ್ಜೆಯ ಹೊತ್ತಿಗೆ ಶಾಲೆಯ ಹುಡುಗಿಯರಿದ್ದ ಕಡೆಯಿಂದ ಅಳು ಕೇಳಿಸುತ್ತಿತ್ತು. ಏನಾಯಿತೆಂದು ಅವರಿಗೆ ಅರ್ಥವಾಗಿತ್ತು. ಬೇರೆಯವರು ಹೇಗೆ ಆಡಿದರೋ ನೋಡಲಿಲ್ಲ. ಇಪ್ಪತ್ತೆಂಟನೆಯ ಸ್ಥಾನ ಆ ವರ್ಷ ನನ್ನದಾಯಿತು. ಹೊರಗೆ ಬರುವಾಗ ಒಬ್ಬ ತಾಯಿ ನನ್ನ ದಾರಿಗೆ ಅಡ್ಡ ನಿಂತರು.

“ನಿಮಗೆ ಬೇಕಾದಾಗ ಕೊಡೋದು, ಬೇಡಾದಾಗ ಕಿತ್ಕೊಳ್ಳೋದು. ಮಕ್ಕಳು ನಿಮ್ಮ ಕೈಗೊಂಬೆಗಳೇನು?”

ಅವರು ಹೇಳಿದ್ದು ಸರಿಯಾಗಿತ್ತು. ನಾನು ಕೈಮುಗಿದು ನಿಂತೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹೈಮ ಒಬ್ಬಳೇ ನಿಂತಿದ್ದಳು. ಮೊಣಕಾಲು ಬಗ್ಗಿಸಿದಳು, ಕೈ ಹಿಂದಕ್ಕೆ ತಂದಳು, ಹಾಗೇ ಉಳಿದಳು. ಮತ್ತೆ ಬಗ್ಗಿಸಿದಳು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ತನ್ನ ಕಾಲನ್ನು ನೋಡಿಕೊಂಡಳು. ನಾನು ಹತ್ತಿರ ಹೋಗಲು ಧೈರ್ಯವಾಗದೆ, ಅಂಗಿ ತೊಟ್ಟುಕೊಂಡು ಗೋಡೆಯ ಪಕ್ಕದಿಂದ ಬೀದಿಗೆ ಇಳಿದೆ.

ಲಿಯಾಂಗ್ ಮೇಷ್ಟ್ರ ಹಿತ್ತಲಿಗೆ ಓಣಿಯ ಕಡೆ ಒಂದು ತಗಡಿನ ಗೇಟಿದೆ. ಅದು ಅರ್ಧ ತೆರೆದಿತ್ತು. ನಾನು ಹೊರಗೇ ನಿಂತೆ. ಕುರ್ಚಿ ಪಕ್ಕಕ್ಕಿತ್ತು, ಟವೆಲು ಅದರ ಬೆನ್ನಿನ ಮೇಲಿತ್ತು. ಮೇಷ್ಟ್ರು ಬಲಗೈಯಲ್ಲಿ ಕೋಲು ಹಿಡಿದು, ಎಡಗೈಯನ್ನು ಸೂಯಿನ್ ಅಕ್ಕನ ಹೆಗಲ ಮೇಲಿಟ್ಟು ಹೆಜ್ಜೆ ಹಾಕುತ್ತಿದ್ದರು. ಒಂಬತ್ತು, ಹತ್ತು, ಹನ್ನೊಂದು. ಸೂಯಿನ್ ಅಕ್ಕನ ಬೆನ್ನು ಬಿಗಿಯಾಯಿತು. ಮೇಷ್ಟ್ರು ಎಗರಲಿಲ್ಲ. ನಿಂತರು. ಒಂದು ಉಸಿರು, ಎರಡು ಉಸಿರು. ನಾಲ್ಕನೆಯದಕ್ಕೆ ತಲೆ ಅಲ್ಲಾಡಿಸಿದರು, ಆದರೆ ಎಂಟೂ ಮುಗಿಸಿದರು. ಮುಂದಿನ ಹೆಜ್ಜೆ ಇಟ್ಟರು. ಕೊನೆಯದರವರೆಗೂ ಹೋಗಿ, ಬೆವರು ಒರೆಸಿಕೊಂಡು ಕುರ್ಚಿಯ ಮೇಲೆ ಕೂತರು.

ಆಗ ನನ್ನ ಚಪ್ಪಲಿಯ ಕೆಳಗೆ ಜಲ್ಲಿ ಸದ್ದು ಮಾಡಿತು.

“ಯಾರದು?” ಎಂದರು ಮೇಷ್ಟ್ರು.

ಸೂಯಿನ್ ಅಕ್ಕ ತಿರುಗಿ ನನ್ನನ್ನು ನೋಡಿದಳು. “ಯಾರೂ ಇಲ್ಲಪ್ಪ,” ಎಂದಳು.

“ಇದ್ರೆ ಹೇಳು,” ಎಂದರು ಮೇಷ್ಟ್ರು ಗೇಟಿನ ಕಡೆಗೆ ಮುಖ ಮಾಡಿ. “ಹನ್ನೊಂದಾದ್ಮೇಲೆ ಸುಮ್ನೆ ನಿಲ್ಲೋದು ತಪ್ಪು. ಎರಡು ಕೊಡ ಹೊತ್ತೋನು ಅಷ್ಟು ಹೊತ್ತು ಒಂದೇ ಹೆಗಲ ಮೇಲೆ ನಿಲ್ಲಲ್ಲ, ಅಡ್ಡೇನ ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸ್ತಾನೆ. ಹಳೇದು ಅದೇ ಇತ್ತೋ ಇಲ್ವೋ ನನಗೆ ಗೊತ್ತಿಲ್ಲ. ಆದ್ರೆ ಈಗಿರೋದು ತಪ್ಪು. ಮುಂದಿನ ವರ್ಷ ತಿದ್ಕೊಂಡು ಬರ್ಲಿ.”

“ಹೇಳ್ತೀನಪ್ಪ,” ಎಂದಳು ಸೂಯಿನ್ ಅಕ್ಕ. ನನ್ನ ಕಡೆ ಬಂದು ಗೇಟನ್ನು ಸದ್ದಾಗದಂತೆ ಮುಚ್ಚಿ, ಒಳಗಿನಿಂದ ಚಿಲಕ ಹಾಕಿದಳು.